ಹಾಳುಬೀದಿಯ ಇತಿಹಾಸ

ಬೋರ್ಡಪ್ಪನ ಹೆಂಡತಿಗೆ ಗಂಡನ ಮೇಲಿದ್ದ ದೂರುಗಳನ್ನು ಬರೆಯಲು ಕೂತರೆ ಇನ್ನೂರು ಪುಟದ ನೋಟ್‌ಬುಕ್ ಸಾಲದು. ಆದರೆ ಮೊದಲ ಪುಟದ ಮೊದಲ ಸಾಲು ಯಾವುದೆಂದು ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು. ಅದು ವಿಳಾಸದ ದೂರು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗ್ಯಾಸ್ ಆಫೀಸಿನಲ್ಲಿ ಯಾರಾದರೂ ವಿಳಾಸ ಕೇಳಿದರೆ ಆಕೆಯ ಧ್ವನಿ ತಾನಾಗಿ ಇಳಿದುಹೋಗುತ್ತಿತ್ತು. ಏಕೆಂದರೆ ಮದುವೆಯಾಗಿ ಹದಿನೇಳು ವರ್ಷದಿಂದ ಆಕೆ ಸಂಸಾರ ಹೂಡಿದ್ದ ಬೀದಿಯ ಹೆಸರು ಹಾಳುಬೀದಿ. ಒಮ್ಮೆ ಗ್ಯಾಸ್ ಆಫೀಸಿನವನು ಪೆನ್ನು ಕೆಳಗಿಟ್ಟು, "ಅಮ್ಮಾ, ನಾನೇನು ತಪ್ಪು ಮಾಡಿದೆ, ಯಾಕೆ ಬೈತೀರಿ?" ಎಂದು ಕೇಳಿದ್ದನಂತೆ.

ಬೋರ್ಡಪ್ಪನಿಗೆ ಮಾತ್ರ ಆ ಹೆಸರೆಂದರೆ ಪ್ರಾಣ. (ಅವನ ನಿಜವಾದ ಹೆಸರು ಮತದಾರರ ಪಟ್ಟಿಗೆ ಬಿಟ್ಟರೆ ಇನ್ಯಾರಿಗೂ ನೆನಪಿಲ್ಲ.) ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು, ಅವನ ಅಪ್ಪನದೂ ಅದೇ. ಅಪ್ಪ ಬರೆದ ಬೋರ್ಡುಗಳ ಮೇಲೆ ಯಾರ್‍ಯಾರೋ ಬಣ್ಣ ಹೊಡೆದರು, ಕೆಲವನ್ನು ಕಿತ್ತು ಗುಜರಿಗೆ ಹಾಕಿದರು, ಉಳಿದವುಗಳ ಮೇಲೆ ಮೆಷಿನ್ನಿನಲ್ಲಿ ಅಚ್ಚಾದ ಪ್ಲಾಸ್ಟಿಕ್ ಬಂದು ಕೂತಿತು. ಅಪ್ಪನ ಕೈಯ ಅಕ್ಷರವೆಂದು ಈ ಲೋಕದಲ್ಲಿ ಉಳಿದಿದ್ದದ್ದು ಒಂದೇ. ಅದು ಬೀದಿಯ ಮೂಲೆಯಲ್ಲಿ, ನೀಲಿ ತಗಡಿನ ಮೇಲೆ ಬಿಳಿ ಬಣ್ಣದಲ್ಲಿದ್ದ 'ಹಾಳುಬೀದಿ'. ಸೊಸೆಗೆ ನಾಚಿಕೆಯಾದದ್ದು ಮಗನಿಗೆ ಆಸ್ತಿಯಾಗಿತ್ತು. ಕೆಲಸಕ್ಕೆ ಹೊರಟಾಗ ಅವನು ಅದರ ಕಡೆ ಒಮ್ಮೆ ನೋಡದೆ ಸೈಕಲ್ ತುಳಿದವನಲ್ಲ.

ಹೀಗಿರುವಾಗ ಒಂಬತ್ತನೇ ತರಗತಿಯ ಮಗಳು ಶಾಲೆಯಿಂದ ಒಂದು ಸುತ್ತೋಲೆ ತಂದಳು. ಶಾಲಾ ವಿದ್ಯಾರ್ಥಿಗಳಿಗೆ ಪ್ರಾದೇಶಿಕ ಇತಿಹಾಸ ಸ್ಪರ್ಧೆ. ತಮ್ಮ ಸುತ್ತಮುತ್ತಲಿನ ಯಾವುದಾದರೂ ಒಂದು ಸಂಗತಿಯ ಚರಿತ್ರೆ ಹುಡುಕಿ ಬರೆಯಬೇಕು, ಮೂಲ ದಾಖಲೆ ತೋರಿಸಬೇಕು, ತೀರ್ಪುಗಾರರ ಮುಂದೆ ನಿಂತು ವಿವರಿಸಬೇಕು. ಗೆದ್ದ ಪ್ರಬಂಧಗಳನ್ನು ಗ್ರಂಥಾಲಯದಲ್ಲಿ ಶಾಶ್ವತವಾಗಿ ಇಡುತ್ತಾರೆ. ಮಗಳು ಹಳೆಯ ಗಡಿಯಾರದ ಗೋಪುರದ ಬಗ್ಗೆ ಬರೆಯಬೇಕೆಂದಿದ್ದಳು. ಬೋರ್ಡಪ್ಪ 'ಶಾಶ್ವತವಾಗಿ' ಎಂಬ ಪದವನ್ನು ಎರಡು ಸಲ ಓದಿದ. ಗಡಿಯಾರ ಅಲ್ಲಿಗೇ ನಿಂತುಹೋಯಿತು.

"ನಮ್ಮ ಬೀದಿ ಬಗ್ಗೆ ಬರಿ," ಎಂದ. "ಕೊನೇಲಿ, ಆ ಬೋರ್ಡು ಬರೆದವರು ನಮ್ಮಜ್ಜ ಅಂತ ಒಂದು ಸಾಲು ಹಾಕು. ನನಗೆ ಅಷ್ಟು ಸಾಕು."

ಅವತ್ತೇ ಇತಿಹಾಸದ ಉಕ್ತಲೇಖನ ಶುರುವಾಯಿತು. ಬೋರ್ಡಪ್ಪನ ಪ್ರಕಾರ ಒಂದಾನೊಂದು ಕಾಲದಲ್ಲಿ ಇದು ಮಹಾ ವೈಭವದ ರಾಜಬೀದಿ. ಶತ್ರುಸೈನ್ಯ ನುಗ್ಗಿ ಬೆಂಕಿಯಿಟ್ಟಿತು. ರಾಜನು ಬೂದಿಯ ನಡುವೆ ನಿಂತು "ಹಾಳಾಯಿತು" ಎಂದು ಉದ್ಗರಿಸಿದನು. ಸೋಮವಾರ ಐನೂರು ಜನರಿದ್ದ ಸೈನ್ಯ ಬುಧವಾರದ ಹೊತ್ತಿಗೆ ಐವತ್ತು ಸಾವಿರವಾಗಿ, ಅದಕ್ಕೆ ಕುದುರೆಗಳೂ ಸೇರಿಕೊಂಡವು.

ಹೆಂಡತಿ ಪಾತ್ರೆ ಒರೆಸುತ್ತಾ ಕೇಳಿದಳು: "ಐವತ್ತು ಸಾವಿರ ಜನ ಎಲ್ಲಿ ನಿಂತಿದ್ರಂತೆ? ಕಸದ ಗಾಡಿ ಬಂದ್ರೆ ನಾವು ಸೈಕಲ್ ಎತ್ತಿ ಒಳಗಿಡಬೇಕು."

"ಸಾಲಾಗಿ ಬಂದ್ರು," ಎಂದ ಬೋರ್ಡಪ್ಪ, ಗಂಭೀರವಾಗಿ.

ಮಗಳು ಎಲ್ಲವನ್ನೂ ಬರೆದುಕೊಂಡಳು. ಆದರೆ ಹುಡುಗಿ ಅಮ್ಮನ ಮಗಳು, ದಾಖಲೆ ಬೇಕು ಎಂದರೆ ಬೇಕು. ಇತಿಹಾಸದ ಮೇಡಂ ಹತ್ತಿರ ಪತ್ರ ಬರೆಸಿಕೊಂಡು ನಗರಸಭೆಯ ಹಳೆಯ ಕಡತಗಳ ಕೋಣೆಗೆ ಹೋದಳು. ಮೂರು ಶನಿವಾರ ಧೂಳು ಕುಡಿದು, ನಾಲ್ಕನೆಯ ಶನಿವಾರ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಅಪ್ಪನೆದುರು ನಿಂತಳು.

"ಅಪ್ಪಾ, ಸೈನ್ಯ ಬಂದೇ ಇಲ್ಲ."

ಬಂದದ್ದು ಹಾಲಿನವರು. ಈಗಿನ ಮನೆಗಳು ಏಳುವ ಮೊದಲು ಅಲ್ಲಿ ಹಾಲಿನ ಡಿಪೋ ಇತ್ತಂತೆ. ನಲವತ್ತು ವರ್ಷದ ಹಿಂದೆ ನಗರಸಭೆ ಬೀದಿಗೆ ಇಟ್ಟ ಹೆಸರು ಹಾಲುಬೀದಿ. ಬೋರ್ಡಿನಲ್ಲಿ ಹಾಲು ಹಾಳಾಯಿತು. ಅದೇ ವರ್ಷ ಡಿಪೋ ಮುಚ್ಚಿತು, ಆಮೇಲೆ ಬಂದವರೆಲ್ಲ ಬೋರ್ಡನ್ನೇ ನಂಬಿದರು. ಕಡತದಲ್ಲಿ ಅಜ್ಜನ ಹೇಳಿಕೆಯೂ ಇತ್ತು, ಗುಮಾಸ್ತರು ಬರೆದುಕೊಂಡದ್ದು: 'ತಪ್ಪು ನನ್ನದೇ. ಕೈತಪ್ಪಿ ಬರೆದೆ.' ಕೆಳಗೆ ಸಾಹೇಬರ ಷರಾ: 'ಈತನಿಗೆ ಇನ್ನು ಮುಂದೆ ಕಚೇರಿಯ ಕೆಲಸ ಕೊಡಕೂಡದು. ಬೋರ್ಡನ್ನು ಕೂಡಲೇ ಸರಿಪಡಿಸತಕ್ಕದ್ದು.' (ಆ 'ಕೂಡಲೇ' ಇನ್ನೂ ಬಂದಿಲ್ಲ.)

ಬೋರ್ಡಪ್ಪ ಗೋಡೆಗೊರಗಿ ಕೂತ. ಅಪ್ಪ ನಗರಸಭೆಯ ಕೆಲಸ ಬಿಟ್ಟದ್ದು ಸಾಹೇಬರ ಜೊತೆ ಜಗಳವಾಡಿ, ಸ್ವಾಭಿಮಾನದಿಂದ ಎಂದು ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಒಳಗೊಳಗೇ ಅದಕ್ಕೇ ಅಪ್ಪನ ಮೇಲೆ ಸಿಟ್ಟೂ ಇತ್ತು. ಕೆಲಸ ಹೋದ ಮೇಲೆ ಮನೆ ಸೊರಗಿ, ಏಳನೇ ತರಗತಿಗೆ ಅವನ ಓದು ನಿಂತಿತ್ತು. ಇಪ್ಪತ್ತರ ಬಿಸಿಯಲ್ಲಿ ಒಮ್ಮೆ, "ನಿನ್ನ ಜಂಬದಿಂದ ನಾವು ಹಾಳಾದ್ವಿ" ಎಂದು ಅಪ್ಪನ ಮುಖಕ್ಕೇ ಹೇಳಿದ್ದ. ಅಪ್ಪ ಆಗ ಕುಂಚ ತೊಳೆಯುತ್ತಿದ್ದವರು ತೊಳೆಯುತ್ತಲೇ ಇದ್ದರು.

ಪ್ರಬಂಧದಿಂದ ಅಜ್ಜನನ್ನು ಬಿಟ್ಟುಬಿಡು ಎಂದು ಅವನು ಮಗಳನ್ನು ಬೇಡಿಕೊಂಡ. 'ಯಾರೋ ಒಬ್ಬ ಪೇಂಟರ್' ಎಂದರೆ ಸಾಲದೇ? ನಮ್ಮವರು ಅಂತ ಮುಚ್ಚಿಟ್ಟರೆ ಅದು ಇತಿಹಾಸ ಆಗಲ್ಲ ಎಂದು ಮೇಡಂ ಹೇಳಿದ್ದಾರೆ ಎಂದಳು ಮಗಳು. ಅವನು ಎರಡು ದಿನ ಮಾತು ಬಿಟ್ಟ. ಹೆಂಡತಿ ಆ ಎರಡು ದಿನವೂ ಹಾಲಿನ ಲೋಟವನ್ನು ಅವನೆದುರು ಇಟ್ಟು, "ಹಾಳು ಕುಡೀರಿ" ಎಂದಳು. ಮೂರನೆಯ ದಿನ ಅವನ ಮುಖ ನೋಡಿ ಅದನ್ನು ನಿಲ್ಲಿಸಿದಳು.

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ಬೋರ್ಡಪ್ಪ ಇಸ್ತ್ರಿ ಅಂಗಿ ತೊಟ್ಟು, ಯಾರೂ ನೋಡದಿರಲೆಂದು ಹಿಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ಮಗಳು ಧ್ವನಿ ನಡುಗಿಸದೆ ಮಾತಾಡಿದಳು. ಹಾಲು ಹಾಳಾದ ಕಥೆಗೆ ಸಭೆ ಬಿದ್ದುಬಿದ್ದು ನಕ್ಕಿತು. ತಪ್ಪು ಮಾಡಿದವರು ನನ್ನ ಸ್ವಂತ ಅಜ್ಜ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕೊನೆಯ ದಾಖಲೆ ಪರದೆಯ ಮೇಲೆ ಬಂತು. ಕಡತದ ತಳದಲ್ಲಿ ಗುಂಡುಪಿನ್ನು ಚುಚ್ಚಿಟ್ಟಿದ್ದ ಒಂದು ಚೀಟಿ, ಅಜ್ಜ ಅದನ್ನು ನೋಡಿಕೊಂಡು ಬೋರ್ಡು ಬರೆದದ್ದು ಎಂದಳು. ಗೆರೆಯೆಳೆದ ಶಾಲೆಯ ಹಾಳೆ, ಪೆನ್ಸಿಲ್ ಬರಹ: 'ಹಾಳುಬೀದಿ'. ಗೋಡೆಯಗಲದ ಳ, ಕೊನೆಯಲ್ಲೊಂದು ಅನವಶ್ಯಕ ಸುರುಳಿ.

ಹೆಂಡತಿ ಮೆಲ್ಲಗೆ ಅವನ ಕಡೆ ಬಾಗಿದಳು. "ರೀ, ಆ ಳ ನಿಮ್ಮದಲ್ವಾ? ಈರುಳ್ಳಿ ಬೆಳ್ಳುಳ್ಳಿ ಅಂತ ಚೀಟಿ ಬರೆದಾಗೆಲ್ಲ ಇದೇ ಸುರುಳಿ ಸುತ್ತಿರ್ತೀರಿ."

ಬೋರ್ಡಪ್ಪ ಮುಂದಿನ ಕುರ್ಚಿಯ ಬೆನ್ನು ಹಿಡಿದು ಪರದೆಯತ್ತ ಬಾಗಿದ. ಅವನು ಯಾರಿಗೂ, ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ಒಂದು ಗುಟ್ಟಿತ್ತು. ಎಲ್ಲರೆದುರು 'ಅಕ್ಷರಬ್ರಹ್ಮ' ಎಂದು ಅವನು ಹೊಗಳುತ್ತಿದ್ದ ಅಪ್ಪನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಹೂವು ಬಿಡಿಸುವ ಹಾಗೆ ಅಕ್ಷರ ಬಿಡಿಸುತ್ತಿದ್ದರು, ಅಷ್ಟೇ. ಕಚೇರಿಯವರು ಬಾಯಲ್ಲಿ ಹೇಳಿದ್ದನ್ನು ಮನೆಗೆ ಬಂದು ಹೇಳಿದರೆ, ನಾಲ್ಕನೇ ತರಗತಿಯ ಮಗ ಚೀಟಿಯಲ್ಲಿ ಬರೆದುಕೊಡುತ್ತಿದ್ದ. ಅಪ್ಪ ಆ ಚೀಟಿಯನ್ನು ದೇವರೇ ಬರೆದಂತೆ ನಂಬಿ ತಗಡಿನ ಮೇಲೆ ಇಳಿಸುತ್ತಿದ್ದರು. ಒಂದು ಸಂಜೆ ಕಚೇರಿಯಿಂದ ಬಂದ ಅಪ್ಪ, "ನಾಳೆಯಿಂದ ನೀನು ಚೀಟಿ ಬರೆಯೋದು ಬೇಡ. ಓದ್ಕೋ, ಆಟ ಆಡು" ಎಂದಿದ್ದರು. ಅವನಿಗೆ ಖುಷಿಯೋ ಖುಷಿ. ಆಟಕ್ಕೆ ಓಡಿದ್ದ, ಅದುವರೆಗೆ ಬರೆದ ಚೀಟಿಗಳನ್ನೆಲ್ಲ ಅಲ್ಲಿಗೇ ಮರೆತಿದ್ದ.

ವೇದಿಕೆಯಲ್ಲಿ ತೀರ್ಪುಗಾರರಾದ ಹಿರಿಯ ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು, ಚೀಟಿಯಲ್ಲೇ ತಪ್ಪಿದೆಯಲ್ಲ, ಇದು ಯಾರ ಕೈಬರಹ ಎಂದು ಕೇಳಿದರು. ಅಜ್ಜನದೇ ಎಂದಳು ಮಗಳು. ಪಾಪ, ಅಕ್ಷರಬ್ರಹ್ಮನಿಗೆ ಅಕ್ಷರ ಬಾರದೆಂದು ಅವಳಿಗೆ ಯಾರು ಹೇಳಿದ್ದರು? ಮೇಷ್ಟ್ರು ತಲೆಯಾಡಿಸಿ ಅಂಕ ಬರೆಯಲು ಪೆನ್ನು ಎತ್ತಿದರು. ಸುಮ್ಮನಿದ್ದರೆ ಮಗಳಿಗೆ ಮೊದಲ ಬಹುಮಾನ ಗ್ಯಾರಂಟಿ. ಸುಮ್ಮನಿದ್ದರೆ ಅಪ್ಪ ಶಾಶ್ವತವಾಗಿ ತಪ್ಪಿತಸ್ಥರು. ಎದ್ದು ನಿಂತಾಗ ಬೋರ್ಡಪ್ಪನ ಕುರ್ಚಿ ದಡಕ್ಕನೆ ಹಿಂದಕ್ಕೆ ಬಿತ್ತು.

"ಸಾರ್, ಅದು ನನ್ನ ಬರಹ. ನಮ್ಮಪ್ಪನಿಗೆ ಓದೋಕೆ ಬರ್ತಿರಲಿಲ್ಲ. ನಾನು ಬರೆದುಕೊಟ್ಟಿದ್ದನ್ನ ಅವರು ಹಾಗೇ ಬರೆದ್ರು. ತಪ್ಪು ನಂದು ಅಂತ ಅವರಿಗೆ ಗೊತ್ತಿತ್ತು. ಕಚೇರೀಲಿ ಹೇಳ್ಲಿಲ್ಲ. ನನಗೂ ಹೇಳ್ಲಿಲ್ಲ."

ಈ ಸಲ ಯಾರೂ ನಗಲಿಲ್ಲ. ಮಗಳು ವೇದಿಕೆಯ ಮೇಲಿಂದ ಅಪ್ಪನನ್ನು ನೋಡುತ್ತಾ ನಿಂತಳು, ಅವಳ ಕಣ್ಣು ತುಂಬಿತ್ತು. ಮೇಷ್ಟ್ರು ಬಹಳ ಮರ್ಯಾದೆಯಿಂದಲೇ ಒಂದು ಮಾತು ಹೇಳಿದರು: ಮನೆಯಲ್ಲೇ ಇದ್ದ ಸಾಕ್ಷಿಯನ್ನು ಸರಿಯಾಗಿ ವಿಚಾರಿಸದೆ ತೀರ್ಮಾನಕ್ಕೆ ಬಂದದ್ದು ಸಂಶೋಧನೆಯ ಲೋಪ. ಮೊದಲ ಬಹುಮಾನ ಒಂದು ಹಳೆಯ ಸೇತುವೆಗೆ ಹೋಯಿತು. ಹಾಳುಬೀದಿಗೆ ಎರಡನೆಯದು. ತಿದ್ದಿದ ಪ್ರತಿಯನ್ನು ಮಾರನೆಯ ದಿನ ಗ್ರಂಥಾಲಯಕ್ಕೆ ಕೊಡಬೇಕೆಂದು ಹೇಳಿ ಕಳಿಸಿದರು.

ಮನೆಗೆ ಬಂದು ಮಗಳು ಪ್ರಬಂಧದ ಕೊನೆಯ ಪುಟ ತೆಗೆದಳು. ನಿನಗೆ ಬಹುಮಾನ ತಪ್ಪಿಸಿದೆನಲ್ಲ ಎಂದು ಬೋರ್ಡಪ್ಪ ಗೊಣಗಿದ. ಅವಳು ಪುಟವನ್ನು ಅವನ ಮುಂದಿಟ್ಟು, "ಅಪ್ಪಾ, ಇಡೀ ಪುಟ ಮತ್ತೆ ಬರೀಬೇಕಾ?" ಎಂದು ಕೇಳಿದಳು. ಅವನು ಪುಟವನ್ನು ಹತ್ತಿರಕ್ಕೆ ಎಳೆದುಕೊಂಡು ಓದಿದ. ಕೊನೆಯ ಸಾಲು ಹೀಗಿತ್ತು: 'ಈ ಬೀದಿಯ ಹೆಸರು ಹಾಳಾದದ್ದು ನನ್ನ ಅಜ್ಜನ ತಪ್ಪಿನಿಂದ.'

"ಬೇಡ," ಎಂದ. "ಒಂದೇ ಅಕ್ಷರ."

ಪೆಟ್ಟಿಗೆಯಿಂದ ಅತಿ ಸಣ್ಣ ಕುಂಚವನ್ನೂ ಬಿಳಿ ಬಣ್ಣವನ್ನೂ ತೆಗೆದ. 'ಅಜ್ಜನ' ಎಂಬಲ್ಲಿ 'ಜ್ಜ'ವನ್ನು ಮುಚ್ಚಿದ. ಆರಿದ ಮೇಲೆ ಅದೇ ಜಾಗದಲ್ಲಿ ಕಪ್ಪು ಶಾಯಿಯಲ್ಲಿ 'ಪ್ಪ' ಎಂದು, ಅವನ ಅಪ್ಪ ಬಿಡಿಸುತ್ತಿದ್ದ ಹಾಗೇ ದುಂಡಗೆ, ನಿಧಾನವಾಗಿ ಬರೆದ. ಹೆಂಡತಿ ಅವನ ಹಿಂದೆ ನಿಂತು ನೋಡುತ್ತಿದ್ದಳು, ಮಗಳು ಪಕ್ಕದಲ್ಲಿ. ಅವನ ಮೂಗಿನ ತುದಿಯಿಂದ ಒಂದು ಹನಿ ಪುಟದ ಮೇಲೆ ಬೀಳುವುದರಲ್ಲಿತ್ತು, ತೋಳಿನಿಂದ ಒರೆಸಿಕೊಂಡ.

"ಒಣಗೋವರೆಗೂ ಯಾರೂ ಮುಟ್ಟಬೇಡಿ," ಎಂದ.