ಮಾವನ ರಫ್ತು ಉದ್ಯಮ ಮತ್ತು ಫೆಲಿಕ್ಸನ ಬ್ಯಾಗು

ನಮ್ಮ ಮಾವನ ಮನೆಗೆ ನೀವು ಧಾರಾಳವಾಗಿ ಊಟಕ್ಕೆ ಹೋಗಬಹುದು. ಆದರೆ ಉಗುರು ಕತ್ತರಿಸಿಕೊಂಡು ಹೋಗಿ! ಜೆಪ್ಪುವಿನ ಆ ಮನೆಯಲ್ಲಿ ಅತಿಥಿಗಳಿಗೆ ಮೊದಲು ತಪಾಸಣೆ, ಆಮೇಲೆ ಸ್ವಾಗತ. "ಕೈ ತೊಳೆದಾಯ್ತಾ? ಸೋಪು ಹಾಕಿಯಾ, ಸುಮ್ಮನೆ ನೀರಲ್ಲಿಯಾ?" ಎಂದು ಬಾಗಿಲಲ್ಲೇ ಕೇಳುವ ಈ ಮಹಾನುಭಾವರು ನನ್ನ ಅಮ್ಮನ ಅಣ್ಣ. ಗಲ್ಫಿನ ಒಂದು ಕ್ಯಾಂಟೀನಿನ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ಉಳಿದವರೆಲ್ಲ ಅಲ್ಲಿಂದ ಚಿನ್ನ, ಸೆಂಟು, ಕಂಬಳಿ ತಂದರೆ ಇವರು ತಂದದ್ದು ಅಡುಗೆಗೆ ಕೂದಲು ಬೀಳದಂತೆ ಹಾಕುವ ಒಂದು ಕಟ್ಟು ಬಲೆ ಟೊಪ್ಪಿ ಮತ್ತು ಸಾರಿನೊಳಗೆ ಚುಚ್ಚಿ ನೋಡುವ ಥರ್ಮಾಮೀಟರು.

ಅತ್ತೆ ಆ ಟೊಪ್ಪಿ ಹಾಕಿಕೊಂಡೇ ಒಗ್ಗರಣೆ ಹಾಕಬೇಕು. ಬೆಕ್ಕಿಗೆ ಅಡುಗೆಮನೆ ನಿಷಿದ್ಧ. ಬಾಗಿಲಿಗೆ "ಪ್ರವೇಶವಿಲ್ಲ" ಎಂಬ ಬೋರ್ಡೂ ಇದೆ. ಬೆಕ್ಕಿಗೆ ಓದಲು ಬರುವುದಿಲ್ಲವಲ್ಲ ಎಂದು ಮಾವನಿಗೆ ಹೇಳಿದೆ.

"ಬೋರ್ಡು ಬೆಕ್ಕಿಗಲ್ಲ ಮಾರಾಯ, ನಿನಗೆ."

ಒಮ್ಮೆ ನೆಂಟರ ಮದುವೆಯಲ್ಲಿ ಊಟದ ಮಧ್ಯೆ ಎದ್ದು ಹೋಗಿ ಅಡುಗೆ ಭಟ್ಟರನ್ನು, "ನಿಮ್ಮ ಲೈಸನ್ಸ್ ನಂಬ್ರ ಎಂತ?" ಎಂದು ಕೇಳಿಬಿಟ್ಟರು. ಭಟ್ಟರು ಸೌಟು ಕೆಳಗಿಡದೆ, "ನೀವು ಪಾಯಸ ಎಷ್ಟು ಸಲ ಹಾಕಿಸಿಕೊಂಡಿರಿ, ಅದೇ ನಂಬ್ರ" ಎಂದರು. ಮಾವ ವಾಪಸು ಎಲೆಯ ಮುಂದೆ ಬಂದು ಕುಳಿತರು.

ಇಂಥವರ ಕೈಗೆ ನಿಜವಾದ ಲೈಸನ್ಸಿನ ಕೆಲಸವೇ ಸಿಕ್ಕಿದರೆ ಹೇಗಿರಬೇಡ? ಸಿಕ್ಕಿತು. ಅತ್ತೆಯ ಸಿಗಡಿ ಉಪ್ಪಿನಕಾಯಿಯನ್ನು ಬಿಕರ್ನಕಟ್ಟೆಯ ಬೇಕರಿಯವರು ಎಲ್ಲೋ ರುಚಿ ನೋಡಿದ್ದರು. "ಇಲ್ಲಿಯ ಬಾಲಯೇಸುವಿನ ಇಗರ್ಜಿಯ ಹಬ್ಬಕ್ಕೆ ಹೊರಗಿನ ಜನ ತುಂಬ ಬರ್ತಾರೆ, ನಮ್ಮಲ್ಲಿ ಇಡುವ. ಆದರೆ ಬಾಟ್ಲಿ ಮೇಲೆ ಆಹಾರ ಸುರಕ್ಷತೆಯ ನಂಬ್ರ ಬೇಕು. ಅದಿಲ್ಲದೆ ಆಗುದಿಲ್ಲ" ಎಂದರು. ಅತ್ತೆಯ ಮುಖ ಅರಳಿತು. ಅಷ್ಟು ವರ್ಷ ಅವರ ಉಪ್ಪಿನಕಾಯಿಗೆ ಬಾಯಿ ಚಪ್ಪರಿಸಿದವರೆಲ್ಲ ಪುಕ್ಕಟೆ ಚಪ್ಪರಿಸಿದವರು. ಅಂಗಡಿಯಲ್ಲಿಡುತ್ತೇವೆ ಎಂದವರು ಇವರೇ ಮೊದಲು.

ಆನ್‌ಲೈನ್ ಅರ್ಜಿ ಹಾಕುವ ಕೆಲಸ ನನ್ನ ತಲೆಯ ಮೇಲೆ ಬಂತು. ಈ ವ್ಯವಸ್ಥೆಯಲ್ಲಿ ಮೂರು ಮೆಟ್ಟಿಲು. ಸಣ್ಣ ಮಟ್ಟದಲ್ಲಿ ಮಾಡಿ ಮಾರುವವರಿಗೆ ಬರೀ ರಿಜಿಸ್ಟ್ರೇಶನ್, ಅದಕ್ಕಿಂತ ದೊಡ್ಡವರಿಗೆ ರಾಜ್ಯದ ಲೈಸನ್ಸ್, ಭಾರೀ ಕಾರ್ಖಾನೆಯವರಿಗೆ ಮತ್ತು ಪರದೇಶಕ್ಕೆ ರಫ್ತು ಮಾಡುವವರಿಗೆ ಕೇಂದ್ರದ್ದು. ಅತ್ತೆಯ ಕಾರ್ಖಾನೆ ಎಂದರೆ ಒಂದು ಒಲೆ, ಒಂದು ಗ್ರೈಂಡರು, ಒಂದು ಬೆಕ್ಕು, ಅದೂ ಹೊರಗೆ!

"ಸೆಂಟ್ರಲ್ ಹಾಕು," ಎಂದರು ಮಾವ.

"ಅದು ಎಕ್ಸ್‌ಪೋರ್ಟ್ ಮಾಡುವವರಿಗೆ, ಮಾವ."

"ಮತ್ತೆ ನಾವು ಎಂತ ಮಾಡುದು?"

ಅವರು ಹೇಳಿದ್ದು ಸುಳ್ಳೂ ಅಲ್ಲ. ನಮ್ಮೂರಲ್ಲಿ ಗಲ್ಫಿಗೆ ಹೊರಟವನ ಬ್ಯಾಗಿನಲ್ಲಿ ಅವನ ಬಟ್ಟೆಗೇ ಜಾಗವಿರುವುದಿಲ್ಲ. ಹಿಂದಿನ ದಿನ ನೆರೆಹೊರೆಯವರೆಲ್ಲ ಪೊಟ್ಟಣ ಹಿಡಿದು ಬರುತ್ತಾರೆ. ಆಗುವುದಿಲ್ಲ ಎಂದವನು ಮುಂದಿನ ರಜೆಯಲ್ಲಿ ಊರಿಗೆ ಮುಖ ತೋರಿಸುವ ಹಾಗಿಲ್ಲ. ಪಕ್ಕದ ಮನೆಯ ಫೆಲಿಕ್ಸ್ ಹೊರಟಾಗಲೆಲ್ಲ ಮಾವ ಅಲ್ಲಿರುವ ಹಳೆಯ ಗೆಳೆಯರಿಗೆಂದು ಉಪ್ಪಿನಕಾಯಿ ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದನ್ನು ಲುಂಗಿಯಲ್ಲಿ ಸುತ್ತಿ, ಬ್ಯಾಗಿನ ತಳದಲ್ಲಿ ತುರುಕಿ, ಮೇಲೆ ಫೆಲಿಕ್ಸನ ಪ್ಯಾಂಟುಗಳನ್ನು ಕಾವಲಿಗಿಡುತ್ತಿದ್ದರು. ಇದೇ ಮಾವನ ರಫ್ತು ಉದ್ಯಮ!

ಸರಿ, ಮಾವನ ಹೆಸರಿನಲ್ಲೇ ಕೇಂದ್ರಕ್ಕೆ ಅರ್ಜಿ ಹಾಕಿದೆ. ಬಾವಿ ನೀರಿನ ಪರೀಕ್ಷೆಯಾಗಬೇಕು ಎಂದಾಗ ಮಾವನಿಗೆ ಹಬ್ಬ. ಡ್ಯೂಟಿ ಫ್ರೀಯಲ್ಲಿ ತಂದಿದ್ದ ಖಾಲಿ ವಿಸ್ಕಿ ಬಾಟಲಿಯನ್ನು ಕುದಿಯುವ ನೀರಲ್ಲಿ ತೊಳೆದು, ಬಾವಿ ನೀರು ತುಂಬಿಸಿಕೊಂಡು ಹೋದರು. ಪ್ರಯೋಗಾಲಯದವರು ನೀರಿಗಿಂತ ಹೆಚ್ಚು ಹೊತ್ತು ಬಾಟಲಿಯನ್ನೇ ನೋಡಿ, ತಮ್ಮದೇ ಬಾಟಲಿ ಕೊಟ್ಟು ವಾಪಸು ಕಳಿಸಿದರು.

ಅರ್ಜಿಯೂ ಪ್ರಶ್ನೆಗಳನ್ನು ಹೊತ್ತು ವಾಪಸು ಬಂತು. ರಫ್ತಿನ ಕೋಡ್ ಎಲ್ಲಿ? ಯಂತ್ರಗಳ ವಿವರ ಎಲ್ಲಿ? ಮಾವ ನನ್ನನ್ನು ಎಳೆದುಕೊಂಡು ಹೋಗಿ ಆಹಾರ ಸುರಕ್ಷತೆಯ ಅಧಿಕಾರಿಯೊಬ್ಬರ ಎದುರು ಕುಳಿತರು.

"ಪಣಂಬೂರಿನಿಂದ ಹಡಗಲ್ಲಿ ಕಳಿಸ್ತೀರಾ?" ಅಧಿಕಾರಿ ಕೇಳಿದರು.

"ಇಲ್ಲ ಸರ್, ಬಜ್ಪೆಯಿಂದ. ವಿಮಾನದಲ್ಲಿ."

"ಓ, ಏರ್ ಕಾರ್ಗೋ?"

"ಅಲ್ಲ, ಫೆಲಿಕ್ಸನ ಬ್ಯಾಗಲ್ಲಿ."

"ಫೆಲಿಕ್ಸ್ ಅಂದ್ರೆ ಏಜನ್ಸಿಯಾ?"

"ನಮ್ಮ ಹತ್ತಿರದ ಮನೆಯವ ಸರ್. ಅವ ಇಲ್ಲದಿದ್ರೆ ಅವನ ಭಾವ ಉಂಟು."

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಪಾಪ, ನಗದೆ ಇರಲು ಅವರಿಗೂ ಎಂಥದಾದರೂ ಕೆಲಸ ಬೇಕಲ್ಲ! "ನೋಡಿ, ಅದು ರಫ್ತು ಅಲ್ಲ. ನಿಮಗೆ ಸಣ್ಣ ರಿಜಿಸ್ಟ್ರೇಶನ್ ಸಾಕು. ಬೇಗ ಆಗ್ತದೆ" ಎಂದರು.

ಮಾವ ದಾರಿಯುದ್ದಕ್ಕೂ ಗೊಣಗಿದರು. "ಗೂಡಂಗಡಿಯವನಿಗೂ ಅದೇ, ನಿನ್ನ ಅತ್ತೆಗೂ ಅದೇಯಾ?" ಮನೆಗೆ ಬಂದು, ಸೆಂಟ್ರಲ್ಲಿಗೇ ಇನ್ನೊಮ್ಮೆ ಹಾಕು ಎಂದು ಹಟ ಹಿಡಿದರು. ಆಗ ಅತ್ತೆ ಟೊಪ್ಪಿ ಕಿತ್ತು ಮೇಜಿನ ಮೇಲೆ ಎಸೆದರು.

"ಎಂತ ಸಾವು ಮಾರ್ರೆ ನಿಮ್ಮದು! ಹಬ್ಬ ಹತ್ತಿರ ಬಂತು. ಬೇಕರಿಯವರು ಬೇರೆಯವರ ಬಾಟ್ಲಿ ಇಟ್ರೆ ಆಯ್ತಲ್ಲ, ನನ್ನದು ಅಲ್ಲಿಗೆ ಮುಗಿಯಿತು. ನಿಮ್ಮ ದೊಡ್ಡಸ್ತಿಕೆ ನನಗೆ ಬೇಡ!"

ಅತ್ತೆಯ ಕಣ್ಣಲ್ಲಿ ನೀರಿತ್ತು. ಮಾವ ಎದ್ದು ಜಗಲಿಗೆ ಹೋದರು. ಬುದ್ಧಿ ಹೇಳೋಣವೆಂದು ನಾನೂ ಹಿಂದೆಯೇ ಹೋದೆ. ಅವರು ರಸ್ತೆ ನೋಡುತ್ತಾ, ದನಿ ತಗ್ಗಿಸಿ ಹೇಳಿದರು:

"ಮದುವೆ ಆದ ಮೇಲೆ ಮೊದಲ ಸಲ ಗಲ್ಫಿಗೆ ಹೋಗುವಾಗ ಅವಳು ಒಂದು ಬಾಟ್ಲಿ ಉಪ್ಪಿನಕಾಯಿ ಕೊಟ್ಟಿದ್ಳು. ಮೆಣಸು ಅರೆದು ಅವಳ ಕೈ ಉರಿ ಇನ್ನೂ ಹೋಗಿರ್ಲಿಲ್ಲ. ಅಲ್ಲಿ ಏರ್‌ಪೋರ್ಟಲ್ಲಿ ಒಬ್ಬ ಬ್ಯಾಗ್ ಬಿಡಿಸಿದ. ಇದೆಂತ, ಯಾರು ಮಾಡಿದ್ದು, ಬಾಟ್ಲಿ ಮೇಲೆ ಚೀಟಿ ಯಾಕಿಲ್ಲ ಅಂತ ಕೇಳಿದ. ಹೆಂಡತಿ ಮಾಡಿದ್ದು ಅಂದೆ. ಕಸದ ಡಬ್ಬಕ್ಕೆ ಹಾಕಿದ ಮಾರಾಯ. ನಾನು ನೋಡ್ತಾ ನಿಂತೆ. ಇವಳಿಗೆ ಫೋನ್ ಮಾಡಿ, ಭಾರೀ ಲಾಯ್ಕ್ ಆಗಿತ್ತು, ಒಳ್ಳೆ ರುಚಿ ಅಂದೆ. ಇವತ್ತಿಗೂ ಅವಳಿಗೆ ಗೊತ್ತಿಲ್ಲ."

ಆಮೇಲೆ ಕೇಳಿದರು: "ದೊಡ್ಡ ಲೈಸನ್ಸ್ ಇದ್ರೆ ಯಾರೂ ಬಿಸಾಡುದಿಲ್ಲ ಅಲ್ವಾ?"

ಇಷ್ಟು ವರ್ಷ ಇವರನ್ನು ನೋಡಿ ನಕ್ಕವನು ನಾನು. ಬುದ್ಧಿ ಹೇಳುವುದನ್ನು ಬಿಟ್ಟು ಅವರ ಪಕ್ಕಕ್ಕೆ ಸರಿದೆ. "ಸಣ್ಣದಕ್ಕೂ ನಂಬ್ರ ಉಂಟು ಮಾವ," ಎಂದೆ. "ಅತ್ತೆಯ ಹೆಸರಲ್ಲೇ ಮಾಡುವ. ಬಾಟ್ಲಿ ಮೇಲೆ ನಂಬ್ರದ ಜೊತೆ ಅವರ ಹೆಸರೂ ಹಾಕುವ."

"ಅವಳ ಹೆಸರು ಹಾಕ್ಲಿಕ್ಕೆ ಆಗ್ತದಾ?" ಮಾವ ನನ್ನ ಕಡೆ ತಿರುಗಿದರು. "ಹಾಗಾದ್ರೆ ಅದೇ ಹಾಕು."

ರಿಜಿಸ್ಟ್ರೇಶನ್ ಹಬ್ಬಕ್ಕೆ ಮೊದಲೇ ಬಂತು. ಬೇಕರಿಯಲ್ಲಿ ಅತ್ತೆಯ ಹೆಸರು ಹೊತ್ತ ಬಾಟಲಿಗಳು ಸಾಲಾಗಿ ಕುಳಿತವು. ಅಲ್ಲಿಯೂ ಮಾವ ಬಲೆ ಟೊಪ್ಪಿ ಹಾಕಿಕೊಂಡೇ ನಿಂತಿದ್ದರು ಎಂದು ಬೇರೆ ಹೇಳಬೇಕೆ?

ಹಬ್ಬ ಮುಗಿದ ಮೇಲೆ ಫೆಲಿಕ್ಸ್ ಹೊರಟ. ಮಾವ ಬಾಟಲಿ ಹಿಡಿದು ಹೋದರು. ಎಣ್ಣೆ ಸೋರದಂತೆ ಪ್ಲಾಸ್ಟಿಕ್ ಸುತ್ತಿದ್ದರು, ಲುಂಗಿ ಇರಲಿಲ್ಲ. ಅಭ್ಯಾಸಬಲದಿಂದ ಫೆಲಿಕ್ಸ್ ಬ್ಯಾಗಿನ ತಳದ ಬಟ್ಟೆ ಸರಿಸತೊಡಗಿದ. ಮಾವ ಅವನ ಕೈ ಹಿಡಿದರು.

"ಅಡಿಯಲ್ಲಿ ಬೇಡ ಫೆಲಿಕ್ಸ್, ಮೇಲೆಯೇ ಇಡು. ಯಾರು ಮಾಡಿದ್ದು ಅಂತ ಅಲ್ಲಿ ಕೇಳಿದ್ರೆ, ಅವಳ ಹೆಸರು ತೋರಿಸು."