ಮೂರನೇ ನಿಂಬೆಹಣ್ಣು

ಆ ಭಾನುವಾರದ ಫಜೀತಿಗೆಲ್ಲ ಹೆದ್ದಾರಿಯೇ ಕಾರಣ ಎಂದು ಯೋಗೇಶ ಇವತ್ತಿಗೂ ಸಾಧಿಸುತ್ತಾನೆ. ಶುರುವಾಗಿದ್ದು ಮಾತ್ರ ಮೂರು ನಿಂಬೆಹಣ್ಣಿನಿಂದ.

ಅವನ್ನು ಬೆಳಿಗ್ಗೆ ಅವನ ಅಂಗೈಯಲ್ಲಿಟ್ಟವಳು ಪಕ್ಕದ ಮನೆಯ ತಿಪ್ಪಕ್ಕ. ಚಿತ್ರದುರ್ಗದ ಬೈಪಾಸಿನ ಆಚೆ ಬದಿಗಿರುವ ಅವರ ಪುಟ್ಟ ಬಡಾವಣೆಯಲ್ಲಿ ಬಾಣಂತಿ ಬರಲಿ, ಹೊಸ ಎಮ್ಮೆ ಬರಲಿ, ತಿಪ್ಪಕ್ಕನನ್ನು ಕೇಳದೆ ಬಾಗಿಲು ದಾಟುವಂತಿರಲಿಲ್ಲ.

"ತವರಿಂದ ತಾಯಿ ಮಗು ಕರ್ಕಂಡು ಬರಾವಾಗ ಮೂರು ದಾರಿ ಕೂಡೋ ಕಡೆ ಗಾಡಿ ನಿಲ್ಲಿಸ್ಬೇಕು ಕಣಪ್ಪ. ಮಗೀಗೆ ನಿವಾಳಿಸಿ ನಿಂಬೆಹಣ್ಣು ಎಸೀಬೇಕು. ಮತ್ತೋಡು ಬಿಟ್ಟ ಮ್ಯಾಲೆ ಒಂದು, ಹೊಳಲ್ಕೆರೆ ಹತ್ರ ಒಂದು, ನಮ್ಮನೆ ದಾರಿ ಸೇರೋ ಕಡೆ ಒಂದು. ಲೆಕ್ಕ ತಪ್ಪಬಾರ್ದು."

"ಆತು ತಿಪ್ಪಕ್ಕ, ನೆನಪಿಟ್ಕಂತೀನಿ."

"ನಿನ್ ನೆನಪು ನಂಗೊತ್ತಿಲ್ವ? ನಾನೇ ಬರ್ತೀನಿ," ಎಂದು ತಿಪ್ಪಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟಳು. ಮುಂದಿನ ಸೀಟಿನಲ್ಲಿ ಆಗಲೇ ಎದುರು ಮನೆಯ ಶಿವಕುಮಾರಪ್ಪ ಕುಳಿತಾಗಿತ್ತು. ಮೂವತ್ತೆರಡು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಅವರನ್ನು ಯಾರೂ ಕರೆದಿರಲಿಲ್ಲ. ಕಾರಾದರೂ ಯೋಗೇಶನದಲ್ಲ, ಕಾಲೇಜಿನ ಸಹೋದ್ಯೋಗಿ ಬಸವೇಶನದು. ಹೀಗಾಗಿ ಬೇಡ ಎನ್ನುವ ಧೈರ್ಯವೂ ಅವನಿಗೆ ಬರಲಿಲ್ಲ.

ಯೋಗೇಶ ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್. ಹೆಂಡತಿ ನೇತ್ರಾವತಿ ಸೀಮಂತ ಮುಗಿಸಿಕೊಂಡು ತವರುಮನೆ ಮತ್ತೋಡಿಗೆ ಹೋದ ದಿನದಿಂದ ಅವನಿಗೆ ಮನೆ ಮನೆಯಾಗಿ ಉಳಿದಿರಲಿಲ್ಲ. ಅವ್ವ ಹುಚ್ಚಕ್ಕ ಹೊತ್ತುಹೊತ್ತಿಗೆ ಮುದ್ದೆ ಹಾಕುತ್ತಿದ್ದಳು, ಸಾರು ರುಚಿಯಾಗಿಯೇ ಇರುತ್ತಿತ್ತು. ಆದರೆ ಕನ್ನಡಿಯ ಅಂಚಿಗೆ ನೇತ್ರಾವತಿ ಅಂಟಿಸಿ ಹೋಗಿದ್ದ ಬಿಂದಿಯನ್ನು ಅವನು ತೆಗೆಯಲಿಲ್ಲ, ಅವ್ವ ತೆಗೆಯಹೋದರೆ ಬಿಡಲಿಲ್ಲ. ಎರಡು ವಾರಕ್ಕೊಮ್ಮೆ ಮತ್ತೋಡಿಗೆ ಹೋದರೆ ಮಗು ಮಲಗಿರುತ್ತಿತ್ತು. ಎದ್ದಿದ್ದರೆ ಅತ್ತೆ ಎರಡು ನಿಮಿಷ ಅವನ ಕೈಗೆ ಕೊಟ್ಟು, "ಸಾಕು ಬಿಡಪ್ಪ, ಕೈಯಿಂದ ಇಳಿಯಲ್ಲ ಅಂತತೆ ಆಮೇಲೆ," ಎಂದು ಇಸಿದುಕೊಳ್ಳುತ್ತಿದ್ದರು. ಆ ಎರಡು ನಿಮಿಷದ ಬಿಸುಪನ್ನು ಅವನು ಹದಿನಾಲ್ಕು ದಿನ ಇಟ್ಟುಕೊಂಡು ಬದುಕಬೇಕಿತ್ತು.

ಅವನಿಗೆ ಇದ್ದದ್ದು ಒಂದೇ ಆಸೆ. ಮಗಳು ಮೊದಲ ಸಲ ಹೊಸ್ತಿಲು ದಾಟುವಾಗ ತನ್ನ ತೋಳಿನಲ್ಲಿರಬೇಕು. ಅದಕ್ಕಾಗಿ ಒಂದು ತಿಂಗಳಿಂದ ಏಳು ಕೇಜಿಯ ರಾಗಿಹಿಟ್ಟಿನ ಚೀಲವನ್ನು ಎದೆಗವಚಿಕೊಂಡು, ಬಲಗಾಲು ಮುಂದಿಟ್ಟು, ಹೊಸ್ತಿಲು ದಾಟುವುದನ್ನು ಅಭ್ಯಾಸ ಮಾಡಿದ್ದ. ಒಮ್ಮೆ ಚೀಲಕ್ಕೆ ಲಾಲಿ ಹೇಳುತ್ತಿದ್ದಾಗ ಅವ್ವನ ಕೈಗೆ ಸಿಕ್ಕಿಬಿದ್ದು, ಇಡೀ ಬೀದಿಗೆ ಸುದ್ದಿಯಾಗಿತ್ತು.

ಖುಷಿಯಾದರೆ ಅವನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಹೊಸದುರ್ಗದ ಆಸ್ಪತ್ರೆಯಿಂದ ಮಗಳು ಹುಟ್ಟಿದ ಫೋನು ಬಂದ ದಿನ ಬೀದಿ ತುಂಬ ಪೇಡ ಹಂಚಿದ್ದ, ಗುರುತಿಲ್ಲದ ಗ್ಯಾಸ್ ಸಿಲಿಂಡರಿನವನನ್ನು ತಬ್ಬಿಕೊಂಡಿದ್ದ, ತಿಪ್ಪಕ್ಕ ಹಿಡಿದುಕೊಂಡು ಬಂದ ಯಾವುದೋ ಅರ್ಜಿಗೆ ಅವಳ ಬೆನ್ನ ಮೇಲೇ ಕಾಗದ ಇಟ್ಟು ಸಹಿ ಹಾಕಿದ್ದ, ಸ್ಕೂಟರಿನ ಕೀಲಿಯನ್ನು ಫ್ರಿಜ್ಜಿನಲ್ಲಿಟ್ಟು ಎರಡು ದಿನ ಹುಡುಕಿದ್ದ.

ಆ ಭಾನುವಾರ ಮಗುವಿಗೆ ಐದನೇ ತಿಂಗಳ ಕೊನೆಯ ದಿನ. ಹೊರಡುವಾಗ ಹುಚ್ಚಕ್ಕ ಕಟ್ಟುನಿಟ್ಟಾಗಿ ಹೇಳಿದ್ದಳು: "ನಾಳೆಯಿಂದ ಆರನೇದು. ಸರಿಸಂಖ್ಯೆ ತಿಂಗಳಲ್ಲಿ ಮಗು ತರಂಗಿಲ್ಲ. ಇವತ್ತು ದೀಪ ಹಚ್ಚೋದ್ರೊಳಗೆ ಹೊಸ್ತಿಲು ದಾಟಿದ್ರೆ ದಾಟಿದಂಗೆ. ಇಲ್ಲಾಂದ್ರೆ ಹಂಗೇ ತಿರುಗಿಸ್ಕಂಡು ಹೋಗಿ ಬಿಟ್ ಬಾ, ಇನ್ನೊಂದು ತಿಂಗಳು ಕಳೀಲಿ."

ಇನ್ನೊಂದು ತಿಂಗಳು ಎಂಬ ಮಾತು ಕೇಳಿಯೇ ಯೋಗೇಶ ಕಾರಿನ ಕೀಲಿ ತಿರುಗಿಸಿದ್ದ.

ಮತ್ತೋಡಿನಲ್ಲಿ ಹೊರಡುವುದು ತಡವಾಯಿತು. ಶಿವಕುಮಾರಪ್ಪ ನಾಲ್ಕನೇ ಹೋಳಿಗೆಗೆ ತುಪ್ಪ ಕೇಳಿದರು. ತೊಟ್ಟಿಲು ಡಿಕ್ಕಿಯೊಳಗೆ ಹಿಡಿಸದೆ ಅದರ ಕಾಲು ಬಿಚ್ಚಬೇಕಾಯಿತು. ಆದರೂ ಮೊದಲನೆಯ ನಿಂಬೆಹಣ್ಣು, ಎರಡನೆಯ ನಿಂಬೆಹಣ್ಣು ತಂತಮ್ಮ ಜಾಗ ಸೇರಿದವು. ಬೈಪಾಸಿಗೆ ಹತ್ತಿದಾಗ ಐದೂಮುಕ್ಕಾಲು. ಕೋಟೆಯ ಬಂಡೆಗಳ ಮೇಲೆ ಇನ್ನೂ ಬಿಸಿಲಿತ್ತು. ಕನ್ನಡಿಯಲ್ಲಿ ನೇತ್ರಾವತಿ ನಕ್ಕಳು. ಮಗಳು ಅವಳ ಮಡಿಲಲ್ಲಿ ಬಾಯಿ ತೆರೆದು ಮಲಗಿದ್ದಳು. ಇನ್ನು ಹತ್ತೇ ನಿಮಿಷ ಎಂದುಕೊಂಡ ಯೋಗೇಶ.

ಅವರ ಮನೆ ಬೈಪಾಸಿನ ಬಲಬದಿಗೆ, ರಸ್ತೆಗೆ ಮುಖ ಮಾಡಿಯೇ ಇದೆ. ಹೆದ್ದಾರಿಯನ್ನು ಹೊಸದಾಗಿ ಮಾಡಿ, ಎರಡು ತುದಿಗೂ ಫ್ಲೈಓವರು, ಹತ್ತುವ ದಾರಿ, ಇಳಿಯುವ ದಾರಿ, ಸರ್ವಿಸ್ ರಸ್ತೆ ಎಲ್ಲ ಕಟ್ಟಿದ್ದರೂ ಬಡಾವಣೆಯವರು ಅವುಗಳ ಗೊಡವೆಗೆ ಹೋಗಿರಲಿಲ್ಲ. ಮನೆಯೆದುರಿಗೇ ಡಿವೈಡರಿನಲ್ಲಿ ಒಂದು ಗ್ಯಾಪು ಇತ್ತು. ಎಲ್ಲರೂ ಅಲ್ಲೇ ನುಸುಳುತ್ತಿದ್ದರು. ಬೆಳಿಗ್ಗೆ ಯೋಗೇಶ ಹೊರಟಾಗಲೂ ಅದು ತೆರೆದೇ ಇತ್ತು.

ಈಗ ನೋಡಿದರೆ ಗ್ಯಾಪು ಇರಲಿಲ್ಲ. ಆ ಜಾಗದಲ್ಲಿ ಎದೆಮಟ್ಟದ ಕಬ್ಬಿಣದ ಬೇಲಿ ಹೊಳೆಯುತ್ತಿತ್ತು.

"ಅಯ್ಯೋ, ಮುಚ್ಚಿಬಿಟ್ಟವ್ರೆ!" ಎಂದ ಯೋಗೇಶ. ಹಿಂದಿನ ಲಾರಿ ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು. ಬಲಗಡೆ ಅವನ ಮನೆ ಸರಿದುಹೋಯಿತು. ತಾರಸಿಯ ಮೇಲೆ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಗಾಬರಿ ಆಗ್ಬ್ಯಾಡ," ಎಂದರು ಶಿವಕುಮಾರಪ್ಪ. "ಈ ರೋಡು ನನ್ ಅಂಗೈ ಇದ್ದಂಗೆ. ಮುಂದೆ ಫ್ಲೈಓವರ್ ಕೆಳಗೆ ತಿರುಗಿಸ್ಕಂಡು ಬಾ. ವಾಪಸ್ ಬರಾವಾಗ ಬೇವಿನ ಮರ ಸಿಗ್ತತೆ. ಮರ ದಾಟಿ ಎಡಕ್ಕೆ ಇಳಿ, ಮನೆ ಬಾಗಿಲಿಗೇ ಹೋಗ್ತಿ."

ಯೋಗೇಶ ಮೂರು ಕಿಲೋಮೀಟರ್ ಹೋಗಿ, ತಿರುಗಿ, ಆಚೆ ಬದಿಯ ರಸ್ತೆ ಹಿಡಿದ. ಎಡಗಡೆ ಒಂದು ಇಳಿಜಾರು ದಾರಿ ಕಂಡಿತು.

"ಇದೇ ಇರ್ಬೇಕು ಸಾರ್!"

"ಇದಲ್ಲ ಕಣೋ. ಬೇವಿನ ಮರ ಬರ್ಲಿ."

ಬೇವಿನ ಮರ ಬರಲಿಲ್ಲ. ಮನೆ ಬಂತು. ಎಡಗಡೆ, ಎಂಜಲು ಉಗಿದರೆ ಬೀಳುವಷ್ಟು ಹತ್ತಿರ, ಆದರೆ ನಡುವೆ ಅವತ್ತೇ ಹಾಕಿದ ಇನ್ನೊಂದು ಬೇಲಿ, ಅದರಾಚೆ ಸರ್ವಿಸ್ ರಸ್ತೆ. ಅವ್ವ ತಾರಸಿಯಿಂದ ಆರತಿ ಎತ್ತಿ ಎತ್ತಿ ತೋರಿಸಿದಳು. ಕಾರು ಮುಂದಕ್ಕೆ ಹೋಯಿತು.

"ಬೇವಿನ ಮರ ಎಲ್ಲೋಯ್ತು?" ಎಂದರು ಶಿವಕುಮಾರಪ್ಪ, ಕದ್ದವನು ಯೋಗೇಶನೇ ಎಂಬಂತೆ.

"ರೋಡು ಅಗಲ ಮಾಡಾಕೆ ಎರಡು ವರ್ಷದ ಹಿಂದೇನೇ ಕಡಿದ್ರಲ್ಲ ಸಾರ್!"

ಶಿವಕುಮಾರಪ್ಪನವರ ಮುಖ ಸಣ್ಣದಾಯಿತು. "ಅದರ ನೆರಳಲ್ಲಿ ಬಸ್ ನಿಲ್ಲಿಸಿ ಬುತ್ತಿ ಉಣ್ತಿದ್ದೆ ನಾನು," ಎಂದು ಮೆತ್ತಗೆ ಹೇಳಿ ಕಿಟಕಿಯಾಚೆ ನೋಡಿದರು.

ಎರಡನೇ ಸುತ್ತು ಶುರುವಾಯಿತು. ಈಗ ತಿಪ್ಪಕ್ಕ ಎಚ್ಚೆತ್ತಳು. "ನಿಲ್ಸು ನಿಲ್ಸು! ಇಲ್ಲಿ ಮೂರು ದಾರಿ ಕೂಡ್ತತೆ."

"ಇದು ಫ್ಲೈಓವರಿಗೆ ಹತ್ತೋ ದಾರಿ ತಿಪ್ಪಕ್ಕ. ಇದು ಲೆಕ್ಕಕ್ಕಿಲ್ಲ."

"ದಾರಿ ಅಂದ್ಮೇಲೆ ದಾರಿ. ಹತ್ತಾದೇನು, ಇಳಿಯಾದೇನು? ಅಗೋ, ಅಲ್ಲೂ ಮೂರು ಕೂಡಿದ್ವು! ಕೆಳಗಡೆ ಇನ್ನೊಂದು ಮೂರು! ಶಿವನೆ, ಇರಾದು ಒಂದೇ ನಿಂಬೆಹಣ್ಣು! ಎಲ್ಲಿಗೆ ಅಂತ ಎಸೀಲಿ?"

"ಮನೆ ದಾರಿಗೆ ಅಂತ ನೀವೇ ಹೇಳಿದ್ರಲ್ಲ, ಅಲ್ಲಿಗೇ ಇಡ್ರಿ," ಎಂದಳು ನೇತ್ರಾವತಿ. ಮಗು ಎದ್ದು ಅಳಲು ಶುರುಮಾಡಿತು. ಯೋಗೇಶ ಈ ಸಲ ಕಂಡ ಮೊದಲನೆಯ ಎಡದಾರಿಗೇ ಇಳಿಸಿದ. ಅದು ಇಳಿದು, ಬಳಸಿ, ಮತ್ತೆ ಮೇಲೇರಿ, ಹೆದ್ದಾರಿಯ ತಲೆಯ ಮೇಲೆ ಹಾದು, ಊರಿನ ಬದಿಯ ಒಂದು ಮಣ್ಣು ರಸ್ತೆಗೆ ತಂದು ಬಿಟ್ಟಿತು. ಮನೆ ಈಗ ಹೆದ್ದಾರಿಯ ಆಚೆಗಾಯಿತು.

ಅಲ್ಲಿ ಹೆದ್ದಾರಿಯ ಹೊಟ್ಟೆಯೊಳಗೆ ತೂರಿದ ಒಂದು ಸಣ್ಣ ಕೆಳಸೇತುವೆ ಇತ್ತು. ಯೋಗೇಶ ದಿನಾ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವುದು ಅದರಲ್ಲೇ. ಕಾರು ಹಿಡಿಸುವುದಿಲ್ಲ. ಈಗ ಅದರೊಳಗೆ ಕುರಿಮಂದೆಯೊಂದು ಮನೆಯತ್ತ ಹೊರಟಿತ್ತು. ಇನ್ನೂರು ಕುರಿಗಳು ಯಾವ ಬೋರ್ಡನ್ನೂ ಓದದೆ, ಯಾರನ್ನೂ ಕೇಳದೆ, ಸರಾಗವಾಗಿ ಹೆದ್ದಾರಿ ದಾಟುತ್ತಿದ್ದವು. ಯೋಗೇಶನಿಗೆ ಅವುಗಳ ಮೇಲೆ ಹೊಟ್ಟೆಕಿಚ್ಚಾಯಿತು.

ಬಂಡೆಗಳ ಮೇಲಿನ ಬಿಸಿಲು ಹೋಗಿತ್ತು. ನೇತ್ರಾವತಿ ಬಾಗಿಲು ತೆರೆದಳು.

"ರೀ, ನಾನು ನಡ್ಕಂಡು ಹೋಗ್ತೀನಿ. ಆಚೆಗೆ ಇನ್ನೂರು ಹೆಜ್ಜೆ. ದೀಪದ ಹೊತ್ತು ಮೀರಿದ್ರೆ ಇನ್ನೊಂದು ತಿಂಗಳು ಮತ್ತೋಡು. ನನ್ ಕೈಲಿ ಆಗಲ್ಲ ರೀ." ತನ್ನೊಬ್ಬನಿಗೇ ಸಂಕಟ ಎಂದುಕೊಂಡಿದ್ದ ಯೋಗೇಶನಿಗೆ ಅದನ್ನು ಕೇಳಿ ಎದೆ ತುಂಬಿಬಂತು.

"ನಾನೂ ಬರ್ತೀನಿ. ಮಗೂನ ನಾನೇ ಎತ್ಕಂತೀನಿ!"

"ಬಸವೇಶನ ಕಾರು? ಮಣ್ಣು ರೋಡಲ್ಲಿ ಬಿಟ್ಟು ಬರ್ತೀಯೇನೋ? ತೊಟ್ಟಿಲು ಐತೆ, ಬೆಳ್ಳಿ ಬಟ್ಲು ಐತೆ," ಎಂದಳು ತಿಪ್ಪಕ್ಕ, ಕೆಳಗಿಳಿಯುತ್ತ. ಮೂರನೇ ನಿಂಬೆಹಣ್ಣನ್ನು ಮಗುವಿಗೆ ನಿವಾಳಿಸಿ ಅವನ ಕೈಗೆ ತುರುಕಿದಳು. "ನೀನು ಸುತ್ತು ಹಾಕ್ಕಂಡು ಬಾ. ಬರಾವಾಗ ನಮ್ಮನೆ ದಾರಿ ಸೇರೋ ಕಡೆ ಇದನ್ನ ಇಟ್ ಬಾ."

ಯೋಗೇಶ ಆಸೆಯಿಂದ ಶಿವಕುಮಾರಪ್ಪನವರ ಮುಖ ನೋಡಿದ.

"ನಂದು ಬಿ.ಪಿ. ಮಾತ್ರೆ ಟೈಮಾತಪ್ಪ," ಎಂದು ಅವರೂ ಇಳಿದರು.

ಮೂವರೂ ಕುರಿಗಳ ಹಿಂದೆ ಕೆಳಸೇತುವೆಯೊಳಗೆ ಹೋದರು. ನೇತ್ರಾವತಿಯ ಹೆಗಲ ಮೇಲಿಂದ ಮಗಳು ಅವನನ್ನೇ ನೋಡುತ್ತಿದ್ದಳು. ಐದು ತಿಂಗಳಲ್ಲಿ ಅಷ್ಟು ಹೊತ್ತು ಅವಳು ಅವನನ್ನು ನೋಡಿದ್ದು ಅದೇ ಮೊದಲು.

ಅವನು ಮೂರನೇ ಸುತ್ತಿಗೆ ಹೆದ್ದಾರಿ ಹತ್ತುವ ಹೊತ್ತಿಗೆ ಅವ್ವನ ಫೋನು ಬಂತು. "ದಾಟಿಸಿದ್ವಿ ಕಣೋ! ಸರಿಯಾದ ಹೊತ್ತಿಗೆ! ನಾನೇ ಎತ್ಕಂಡು ಬಲಗಾಲಿಟ್ಟು ಒಳಗೆ ಬಂದೆ. ಬಂಗಾರದಂಗೆ ನಕ್ತು ಮಗು. ನೀನು ಎಲ್ಲಿದ್ದಿಯೋ?"

ಯೋಗೇಶ ಫೋನನ್ನು ಪಕ್ಕದ ಸೀಟಿಗೆ ಹಾಕಿದ. ಅವನ ತೋಳುಗಳು ಬರಿದಾಗಿ ನೋಯುತ್ತಿದ್ದವು. ಏಳು ಕೇಜಿ ರಾಗಿಹಿಟ್ಟು ಎಷ್ಟು ಸಲ ಹೊಸ್ತಿಲು ದಾಟಿತ್ತು!

ಮನೆಯೆದುರಿನ ಹೊಸ ಬೇಲಿಯ ಹತ್ತಿರ ಬಂದಾಗ ನಿಂಬೆಹಣ್ಣು ನೆನಪಾಗಿ, ಕಾರನ್ನು ಡಿವೈಡರಿನ ಪಕ್ಕಕ್ಕೆ ಒತ್ತಿ ಇಳಿದ. ಎದುರಿಗೆ ಮನೆಯ ದೀಪ ಹತ್ತಿತ್ತು. ತಾರಸಿಯ ಮೇಲೆ ನೇತ್ರಾವತಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವನನ್ನು ಕಂಡು ಮಗುವಿನ ಪುಟ್ಟ ಕೈ ಹಿಡಿದು ಬೀಸಿದಳು. ಯೋಗೇಶ ನಿಂಬೆಹಣ್ಣು ಹಿಡಿದ ಕೈಯನ್ನೇ ಎತ್ತಿ ಬೀಸಿದ. ನಡುವೆ ಲಾರಿಗಳು ಓಡುತ್ತಿದ್ದವು.

"ಏಯ್, ಇಲ್ಲಿ ಗಾಡಿ ನಿಲ್ಲಿಸಂಗಿಲ್ಲ ರೀ!" ಬೇಲಿಯ ಕೊನೆಯ ಬೋಲ್ಟು ಬಿಗಿಸುತ್ತಿದ್ದ ಮೇಸ್ತ್ರಿಯೊಬ್ಬ ಬಂದ. ಹೊಳೆಯುವ ಜಾಕೆಟಿನ ಮೇಲೆ ಜುಂಜೇಶ್ ಎಂಬ ಹೆಸರಿನ ಚೀಟಿ ಇತ್ತು.

ಯೋಗೇಶನಿಗೆ ಇಡೀ ದಿನದ ಸಿಟ್ಟು ನೆತ್ತಿಗೇರಿತು. "ಯಾವ ತಲೆಕೆಟ್ಟೋನು ಮುಚ್ಚಿಸಿದ್ದು ಈ ಗ್ಯಾಪ್ನ? ಅವನ ಹೆಸರು ಹೇಳ್ರಿ, ಮನೆಗೇ ಹೋಗಿ ಕೇಳ್ತೀನಿ!"

"ನಮಗ್ಯಾಕೆ ಬೈತೀರಿ? ಆ ಬಡಾವಣೆ ಜನಾನೇ ಅರ್ಜಿ ಕೊಟ್ಟಿದ್ದು. ಲಾರಿಗಳು ಮನೆ ಮುಂದೆನೇ ತಿರುಗ್ತಾವೆ, ಸಣ್ಣ ಮಕ್ಕಳಿರೋ ಜಾಗ, ಮುಚ್ಚಿಕೊಡ್ರಿ ಅಂತ. ಜನ ಗಲಾಟೆ ಮಾಡಿದ್ರೆ ತೋರಿಸಾಕೆ ಅಂತ ಫೋನಲ್ಲೇ ಇಟ್ಕಂಡಿದೀನಿ, ನೋಡ್ರಿ."

ಯೋಗೇಶ ನೋಡಿದ. ಮೂವತ್ತು ಸಹಿಗಳಿದ್ದವು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ, ಯಾರದೋ ಬೆನ್ನ ಮೇಲೆ ಬರೆದಂತೆ ವಕ್ರವಕ್ರವಾಗಿ ಒಂದು ಹೆಸರು. ಅದರ ಕೆಳಗೆ ಯಾರೂ ಕೇಳದಿದ್ದರೂ ಅದೇ ಕೈ ಬರೆದಿತ್ತು: 'ಹೆಣ್ಣು ಮಗುವಿನ ತಂದೆ, ಇವತ್ತು ಬೆಳಿಗ್ಗೆಯಿಂದ.'

"ಇದನ್ನ ಓದೇ ನಮ್ಮ ಸಾಹೇಬರ ಮನಸ್ಸು ಕರಗಿದ್ದು," ಎಂದ ಜುಂಜೇಶ. "ಯಾರೋ ಪುಣ್ಯಾತ್ಮ. ಯೋಗೇಶ ಅಂತೆ. ನೀವೂ ಆ ಕಡೇರೇ ಇದ್ದಂಗೈತೆ, ಗೊತ್ತಾ ನಿಮಗೆ?"

ಯೋಗೇಶ ನಿಂಬೆಹಣ್ಣನ್ನು ಬೇಲಿಯ ಬುಡದಲ್ಲಿ ಮೆಲ್ಲಗೆ ಇಟ್ಟ. ತಾರಸಿಯ ಕಡೆ ಇನ್ನೊಂದು ಸಲ ನೋಡಿದ. ಆ ಪುಟ್ಟ ಕೈ ಇನ್ನೂ ಬೀಸುತ್ತಲೇ ಇತ್ತು.

"ಗೊತ್ತು," ಎಂದ. "ಅವನಿನ್ನೂ ಮನೆಗೆ ಬಂದಿಲ್ಲ."