ಮೊದಲು ಮನೆ, ಆಮೇಲೆ ರಸ್ತೆ

ನಾನು ಮಂಗಳೂರಿನಲ್ಲಿ ಮನೆಗಳ ನಕ್ಷೆ ಮಾಡಿಕೊಡುವ ಸಿವಿಲ್ ಇಂಜಿನಿಯರ್. ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಸಣ್ಣ ಆಫೀಸು. ನಗು ಬರುವ ಸಂಗತಿಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋದವಳಲ್ಲ. ಅವು ತಾವಾಗಿ ಮೆಟ್ಟಿಲು ಹತ್ತಿ, ಕೈಯಲ್ಲಿ ಪಹಣಿಯ ಜೆರಾಕ್ಸ್ ಹಿಡಿದುಕೊಂಡು, "ಮೇಡಂ ಇದ್ದಾರಾ?" ಅಂತ ಕೇಳಿಕೊಂಡು ಬರುತ್ತವೆ.

ಇದಕ್ಕೆ ಜನರನ್ನು ದೂರಬಾರದು. ಊರು ಬೆಳೆದ ರೀತಿಯೇ ಹಾಗೆ. ಬೇರೆ ಕಡೆ ಮೊದಲು ರಸ್ತೆ ಹಾಕಿ ಆಮೇಲೆ ಮನೆ ಕಟ್ಟುತ್ತಾರಂತೆ. ನಮ್ಮಲ್ಲಿ ಗುಡ್ಡದ ನೆತ್ತಿಯಲ್ಲೊಂದು, ತಗ್ಗಿನಲ್ಲೊಂದು ಅಂತ ಕೆಂಪುಕಲ್ಲಿನ ಮನೆಗಳು ಮೊದಲು ಎದ್ದವು. ಒಂದು ಮನೆಯವರು ಇನ್ನೊಂದು ಮನೆಗೆ ಮಜ್ಜಿಗೆ ಕೇಳಲು ಹೋಗಿ ಬಂದು ಕಾಲುದಾರಿ ಆಯಿತು. ಅದಕ್ಕೆ ಡಾಮರು ಬಿತ್ತು, ಡಾಮರಿನ ಮೇಲೆ ಕಾಂಕ್ರೀಟು ಬಿತ್ತು, ಕಾಂಕ್ರೀಟಿನ ಮೇಲೆ ಬಸ್ಸು ಬಂತು. ಎಲ್ಲ ಮುಗಿದ ಮೇಲೆ ಪ್ಲಾನಿಂಗ್ ಬಂದು, "ಇಲ್ಲಿ ರಸ್ತೆ ಎಷ್ಟು ಅಗಲ ಉಂಟು?" ಅಂತ ಕೇಳಿತು. ಮಜ್ಜಿಗೆ ತರಲು ಹೋದವರು ಅದಕ್ಕೆ ಎಂತ ಉತ್ತರ ಕೊಡುವುದು?

ಸೆಟ್‌ಬ್ಯಾಕ್‌ನವರು

ಹಳೆಯ ಹಂಚಿನ ಮನೆ ಕೆಡವಿ ಹೊಸತು ಕಟ್ಟಿಸುವ ಅಜ್ಜಿ ಒಬ್ಬರು ಮಗಳ ಜೊತೆ ಬಂದರು. ನಾನು ನಕ್ಷೆ ಬಿಡಿಸಿ ತೋರಿಸಿ, "ನಾಲ್ಕೂ ಕಡೆ ಸೆಟ್‌ಬ್ಯಾಕ್‌ಗೆ ಜಾಗ ಬಿಡಬೇಕು ಅಮ್ಮ" ಅಂದೆ.

ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನಕ್ಷೆ ನೋಡಿದರು. ಆಮೇಲೆ ಮಗಳ ಹತ್ತಿರ ಮೆಲ್ಲಗೆ, "ಈ ಸೆಟ್‌ಬ್ಯಾಕ್‌ನವರು ಯಾರು? ನಮ್ಮ ಜಾಗದಲ್ಲಿ ಅವರಿಗೆ ಎಂತ ಹಕ್ಕು?" ಅಂತ ಕೇಳಿದರು.

ನಾನು ವಿವರಿಸಿದೆ. ಅದು ಯಾರಿಗೂ ಕೊಡುವುದಲ್ಲ, ಜಾಗ ನಿಮ್ಮದೇ, ಆದರೆ ಅಲ್ಲಿ ಗೋಡೆ ಎಬ್ಬಿಸಬಾರದು, ಗಾಳಿ ಬೆಳಕು ಬರಲಿಕ್ಕೆ ಖಾಲಿ ಇರಬೇಕು ಅಂದೆ.

"ನಮ್ಮ ಹಳೇ ಮನೆಯ ಗೋಡೆ ಪಕ್ಕದವರ ಗೋಡೆಗೆ ಅಂಟಿಕೊಂಡೇ ಇತ್ತು. ಯಾರೂ ಉಸಿರು ಕಟ್ಟಿ ಸತ್ತವರಿಲ್ಲ."

"ಈಗ ರೂಲ್ಸ್ ಹಾಗೆ ಉಂಟಮ್ಮ. ಪಕ್ಕದವರು ಹೊಸ ಮನೆ ಕಟ್ಟುವಾಗ ಅವರೂ ಬಿಟ್ಟಿದ್ದಾರೆ ನೋಡಿ."

ಅಜ್ಜಿಯ ಮುಖ ಅರಳಿತು. "ಅವರು ಬಿಟ್ಟಿದ್ದಾರಲ್ಲ? ಹಾಗಾದರೆ ನಾವು ಪುನಃ ಬಿಡುವುದು ಎಂತಕ್ಕೆ ಮಾರಾಯ್ತಿ? ಗಾಳಿ ಅಲ್ಲಿಂದಲೇ ಬರಲಿ."

ಪೂರ್ವದ ಪರದಾಟ

ಕುಲಶೇಖರದ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಮನೆ ಕಟ್ಟಿಸಲು ಬಂದರು. ಪ್ರತಿ ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರು. ಮೊದಲ ದಿನವೇ, "ನಾವು ವಾಸ್ತು ಎಲ್ಲ ನಂಬುವವರಲ್ಲ" ಅಂದರು. ನನಗೆ ಖುಷಿಯಾಯಿತು. ಬಾಗಿಲ ತನಕ ಹೋದವರು ತಿರುಗಿ ಬಂದು, "ಆದರೆ ನಾಳೆ ಮನೆ ಮಾರುವುದಾದರೆ ನಂಬುವವರು ಬರಬಹುದು. ಅಡುಗೆಮನೆ ಆಗ್ನೇಯಕ್ಕೆ ಇರಲಿ" ಅಂದರು.

ಆಗಲಿ ಅಂತ ನಕ್ಷೆ ಮಾಡಿದೆ. ಮಾರನೇ ವಾರ ಅವರ ಫೋನ್: "ಮೇಡಂ, ನೀವು ಪೂರ್ವ ತಪ್ಪು ಹಾಕಿದ್ದೀರಿ. ನನ್ನ ಮೊಬೈಲಿನ ದಿಕ್ಸೂಚಿ ಬೇರೆ ತೋರಿಸ್ತದೆ." ಸರ್ವೆ ನಕ್ಷೆ ಸರಿಯಾಗಿಯೇ ಇತ್ತು. ಆದರೂ ಹೆಡ್‌ಮಾಸ್ಟರು ತಪ್ಪು ಅಂದ ಮೇಲೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಹಾಗೆಯೇ. ನಾನು ಜಾಗಕ್ಕೆ ಹೋದೆ.

ಅವರು ಸೈಟಿನ ನಡುವೆ ನಿಂತು ಮೊಬೈಲ್ ಹಿಡಿದರು. ಪೂರ್ವ ಬಾವಿಯ ಕಡೆ ಬಂತು. ಎರಡು ಹೆಜ್ಜೆ ಮುಂದೆ ಹೋದರು. ಪೂರ್ವ ಗೇಟಿನ ಕಡೆ ಹೋಯಿತು. ಮೊಬೈಲನ್ನು ಕಿಸೆಗೆ ಹಾಕಿ ಪುನಃ ತೆಗೆದರು. ಈಗ ಪೂರ್ವ ಪಕ್ಕದವರ ಹಲಸಿನ ಮರದ ಹಿಂದೆ. "ಈ ಜಾಗದಲ್ಲೇ ಎಂತದೋ ದೋಷ ಉಂಟು" ಅಂದರು, ವಾಸ್ತು ನಂಬದ ಹೆಡ್‌ಮಾಸ್ಟರು. ಅವರ ದನಿ ಇಳಿದಿತ್ತು. ಇಷ್ಟಪಟ್ಟು ತೆಗೆದುಕೊಂಡ ಜಾಗ ಅದು. ಬೇಡ ಅಂತ ಬಿಟ್ಟುಬಿಡುತ್ತಾರೋ ಅಂತ ನನಗೇ ಹೆದರಿಕೆ ಆಯಿತು.

ನಾನು ಅವರ ಮೊಬೈಲ್ ಕೇಳಿ ತೆಗೆದುಕೊಂಡೆ. ಪುಸ್ತಕದ ಹಾಗೆ ಮುಚ್ಚುವ ಚರ್ಮದ ಕವರು. ಮುಚ್ಚಳ ಕಚ್ಚಿಕೊಳ್ಳಲಿಕ್ಕೆ ಅದರ ಅಂಚಿನಲ್ಲಿ ಅಯಸ್ಕಾಂತ. ಮುಚ್ಚಳ ಅಲುಗಾಡಿದಂತೆಲ್ಲ ಪೂರ್ವವೂ ಅಲುಗಾಡುತ್ತಿತ್ತು. ಕವರು ಬಿಚ್ಚಿ ಕೊಟ್ಟೆ. ಮುಳ್ಳು ನೆಟ್ಟಗೆ ನನ್ನ ನಕ್ಷೆಯ ಪೂರ್ವಕ್ಕೆ ಬಂದು ನಿಂತಿತು.

ಅಷ್ಟರ ತನಕ ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ ಅವರ ಹೆಂಡತಿ ಆಗ ಬಾಯಿಬಿಟ್ಟರು. "ಮದುವೆಯಾದಂದಿನಿಂದ ಬೆಳಿಗ್ಗೆ ಎದ್ದು ಬಟ್ಟೆ ಒಣಗಲಿಕ್ಕೆ ಹಾಕುವುದು ನಾನು. ಪೂರ್ವ ಎಲ್ಲಿ ಅಂತ ಒಂದು ಸಲ ನನ್ನನ್ನು ಕೇಳಬಹುದಿತ್ತು."

ನೇರ ಪ್ರಸಾರ

ಕುದ್ರೋಳಿಯ ಹತ್ತಿರ ಒಂದು ಮನೆ. ಕಟ್ಟಿಸುವ ಮಗ ಗಲ್ಫಿನಲ್ಲಿ, ಮನೆ ಇಲ್ಲಿ. ನಡುವೆ ಅವನು ಉಮ್ಮ ಅನ್ನುವ ತಾಯಿ, ಅವರ ಕೈಯಲ್ಲಿ ವೀಡಿಯೊ ಕಾಲ್. ದಿನಾ ಸಂಜೆ ಉಮ್ಮ ಮೊಬೈಲ್ ಹಿಡಿದು ಕೋಣೆ ಕೋಣೆ ಸುತ್ತುತ್ತಿದ್ದರು, ಮಗ ಅಲ್ಲಿಂದಲೇ ಇನ್ಸ್‌ಪೆಕ್ಷನ್ ಮಾಡುತ್ತಿದ್ದ.

ಒಂದು ಸಂಜೆ ಮೇಸ್ತ್ರಿಯ ಫೋನ್ ಬಂತು. "ಮೇಡಂ, ನಾನು ಕೆಲಸ ಬಿಟ್ಟು ಹೋಗ್ತೇನೆ. ಕಟ್ಟಿದ ಗೋಡೆ ಒಡೆಯಿರಿ ಅಂತ ಹೇಳ್ತಾರೆ. ವಾಲಿದೆ ಅಂತೆ."

ಹೋಗಿ ನೋಡಿದೆ. ಗೋಡೆಗೆ ತೂಕದ ಗುಂಡು ಇಳಿಬಿಟ್ಟು ಪರೀಕ್ಷಿಸಿದೆ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಮಗನಿಗೆ ವೀಡಿಯೊ ಕಾಲ್ ಮಾಡಿಸಿದೆ.

"ಮೇಡಂ, ನೀವೇ ನೋಡಿ, ಬಲಗಡೆಗೆ ಬೀಳುವ ಹಾಗೆ ಉಂಟು" ಅಂದ. ಪಾಪ, ಬಿಸಿಲಿನಲ್ಲಿ ದುಡಿದು ಕಳಿಸುವವನು. ದನಿಯಲ್ಲಿ ನಿಜವಾಗಿ ಸಂಕಟ ಇತ್ತು.

"ಗೋಡೆಯ ಪಕ್ಕ ಮೇಸ್ತ್ರಿ ನಿಂತಿದ್ದಾರೆ, ಕಾಣ್ತದಾ?"

"ಕಾಣ್ತದೆ. ಅವರೂ ವಾಲಿದ್ದಾರೆ." ಮುಖವನ್ನು ಸ್ಕ್ರೀನಿನ ಹತ್ತಿರ ತಂದು ನೋಡಿದ. ಆಮೇಲೆ, "ಉಮ್ಮ, ಮೊಬೈಲ್ ನೇರ ಹಿಡೀರಿ" ಅಂದ.

ಉಮ್ಮ ಅಲುಗಾಡಲಿಲ್ಲ. "ನನಗೆ ಭುಜ ನೋವುಂಟು ಮಗಾ, ಹೀಗೇ ಹಿಡೀಲಿಕ್ಕೆ ಆಗುವುದು. ಅಷ್ಟು ಜನ ಕೆಲಸದವರಿದ್ದಾರಲ್ಲ, ಗೋಡೆಯನ್ನೇ ಸ್ವಲ್ಪ ಈ ಕಡೆ ತಿರುಗಿಸಲಿಕ್ಕೆ ಹೇಳು."

ರಸ್ತೆ ಅಗಲ ಮಾಡುವ ಸಭೆ

ನಾವಿರುವ ಗಲ್ಲಿಗೆ ಶಾಲೆಯ ಬಸ್ಸು ಬರುವುದಿಲ್ಲ. ತಿರುವಿನಲ್ಲೇ ನಿಲ್ಲುತ್ತದೆ, ಮಕ್ಕಳು ಬ್ಯಾಗು ಹೊತ್ತು ಮಳೆಯಲ್ಲಿ ನಡೆಯಬೇಕು. ರಸ್ತೆ ಅಗಲ ಮಾಡಿಸುವ ಅಂತ ಒಂದು ಮನೆಯ ಟೆರೇಸಿನಲ್ಲಿ ಎಲ್ಲರೂ ಸೇರಿದೆವು. ನಕ್ಷೆ ಓದಲು ಬರುವವಳು ಅಂತ ನನ್ನನ್ನು ಮುಂದೆ ಕೂರಿಸಿದರು.

ರಸ್ತೆ ಅಗಲ ಆಗಬೇಕು ಅನ್ನುವುದರಲ್ಲಿ ಎರಡು ಮಾತೇ ಇರಲಿಲ್ಲ. "ಹಾಗಾದರೆ ಕಂಪೌಂಡು ಸ್ವಲ್ಪ ಸ್ವಲ್ಪ ಹಿಂದೆ ಹಾಕಬೇಕಾಗ್ತದೆ" ಅಂದೆ. ಎಲ್ಲರ ಕಣ್ಣೂ ಎದುರು ಮನೆಯವರ ಕಂಪೌಂಡಿನ ಕಡೆ ಹೋಯಿತು.

ಎಡಗಡೆಯವರೊಬ್ಬರು, "ಬಲಗಡೆಯವರಲ್ಲಿ ಜಾಗ ಧಾರಾಳ ಉಂಟು" ಅಂದರು. ಬಲಗಡೆಯವರು, "ನಮ್ಮದು ಹಳೇ ಕಂಪೌಂಡು, ಅಜ್ಜನ ಕಾಲದ್ದು. ಅವರದ್ದು ಮೊನ್ನೆ ಕಟ್ಟಿದ್ದು, ಇನ್ನೂ ಸಿಮೆಂಟು ಹಸಿ. ಅದನ್ನು ತೆಗೆಯುವುದು ಸುಲಭ" ಅಂದರು. ಮಾತು ಬಿಸಿಯಾಗತೊಡಗಿತು. ಎರಡು ಮನೆಯವರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಇವತ್ತಿಗೆ ಗಲ್ಲಿಯ ಬಾಂಧವ್ಯ ಮುಗಿಯಿತು ಅಂದುಕೊಂಡೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತು, "ಯಾಕೆ ಗಲಾಟೆ? ಮಕ್ಕಳ ವಿಷಯ ಅಲ್ವಾ? ನಮ್ಮದು ಎಷ್ಟು ಬೇಕಾದರೂ ತೆಗೆದುಕೊಳ್ಳಿ" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಪೆನ್ನು ತೆಗೆದು, "ನಿಮ್ಮ ಮನೆ ಯಾವುದು?" ಅಂತ ಕೇಳಿದೆ.

"ಆ ಅಪಾರ್ಟ್‌ಮೆಂಟ್‌ನಲ್ಲಿ. ನಾಲ್ಕನೇ ಮಹಡಿ."

ಎದ್ದು ನಿಂತವರೂ ನಕ್ಕು ಕೂತರು. ನಕ್ಕ ಮೇಲೆ ಜಗಳ ಮುಂದುವರಿಸುವುದು ಕಷ್ಟ. ಎರಡೂ ಕಡೆಯವರು ಸಮಸಮ ಬಿಡುವುದು ಅಂತ ಆಯಿತು, ಬಿಟ್ಟರೂ ಕೂಡ. ಈಗ ರಸ್ತೆ ಚೆನ್ನಾಗಿ ಅಗಲವಾಗಿದೆ. ಅಗಲವಾದ ಭಾಗದಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಕಾರು ನಿಲ್ಲಿಸುತ್ತಾರೆ. ಬಸ್ಸು ಈಗಲೂ ತಿರುವಿನಲ್ಲೇ ನಿಲ್ಲುತ್ತದೆ.

ಮನೆ ಒಕ್ಕಲು

ವಾಮಂಜೂರಿನಲ್ಲಿ ಗದ್ದೆ ತುಂಬಿಸಿ ಮಾಡಿದ ಹೊಸ ಲೇಔಟು. ಅಕ್ಕಪಕ್ಕದ ಎರಡು ಸೈಟು. ಒಂದು ಕಾಲೇಜಿನ ಮೇಷ್ಟ್ರದ್ದು. ಅವರ ತಂದೆ ದೇವಸ್ಥಾನವೊಂದರ ಅರ್ಚಕರು. ಇನ್ನೊಂದು, ಬಂದರಿನಲ್ಲಿ ಅಂಗಡಿ ಇಟ್ಟ ಹಾಜಿಯವರದ್ದು. ಮೇಷ್ಟ್ರಿಗೆ ನಾನು ಮಾಡಿದ ನಕ್ಷೆ ನೋಡಿ ಹಾಜಿಯವರು, "ನನಗೂ ಇದೇ ಬೇಕು, ಒಂದು ಕಿಟಕಿಯೂ ಬದಲಾಯಿಸಬೇಡಿ" ಅಂದರು. ಕಂಟ್ರಾಕ್ಟರು ಒಬ್ಬನೇ, ಬಣ್ಣವೂ ಒಂದೇ. ಮನೆಗಳು ಅವಳಿ ಮಕ್ಕಳ ಹಾಗೆ ಎದ್ದು ನಿಂತವು.

ಮೇಷ್ಟ್ರ ಮನೆ ಒಕ್ಕಲು, ಅಂದರೆ ಗೃಹಪ್ರವೇಶ, ಮೊದಲು ಬಂತು. ಹಿಂದಿನ ದಿನ ಸಂಜೆ ಶಾಮಿಯಾನದವರು ಬಂದು ಕಾವಲುಗಾರನನ್ನು, "ಹೊಸ ಮನೆ ಯಾವುದು?" ಅಂತ ಕೇಳಿದರಂತೆ. ಅವನು ಎರಡೂ ಹೊಸತೇ ಇದ್ದ ಕಾರಣ ಹತ್ತಿರ ಇದ್ದದ್ದನ್ನು ತೋರಿಸಿದ. ಗೇಟಿಗೆ ಬಾಳೆಗಿಡ ಕಟ್ಟಿದರು, ಬಾಗಿಲಿಗೆ ಮಾವಿನೆಲೆ ಕಟ್ಟಿದರು. ಬೆಳಗಿನ ಜಾವ ಮೇಷ್ಟ್ರ ಮನೆಯವರು ಬಂದಾಗ ಇನ್ನೂ ಕತ್ತಲು, ಕರೆಂಟು ಬಂದಿರಲಿಲ್ಲ. ಬಾಳೆಗಿಡ ನೋಡಿದರು, ಕಾವಲುಗಾರ ತೆರೆದುಕೊಟ್ಟ ಬಾಗಿಲಲ್ಲಿ ಬಲಗಾಲಿಟ್ಟು ಒಳಗೆ ಹೋದರು. ಹಾಲು ಉಕ್ಕಿತು. ಅರ್ಚಕರು ಹಾಲ್‌ನಲ್ಲಿ ಗಣಹೋಮಕ್ಕೆ ಕೂತರು.

ನಾನು ತಿಂಡಿಯ ಹೊತ್ತಿಗೆ ಹೋದೆ. ಹೊಗೆ ತುಂಬಿತ್ತು, ಮಂತ್ರ ಜೋರಾಗಿತ್ತು. ಹಿಂದಿನ ಸಾಲಿನ ಕುರ್ಚಿಯಲ್ಲಿ ಹಾಜಿಯವರೂ ಅವರ ಹೆಂಡತಿಯೂ ಕೂತಿದ್ದರು. ಹೆಂಡತಿಯ ಕೈಯಲ್ಲಿ ಅಳತೆಯ ಟೇಪು ಇತ್ತು. ನೆರೆಯವರನ್ನೂ ಕರೆದಿದ್ದಾರೆ, ಒಳ್ಳೆಯದಾಯಿತು ಅಂದುಕೊಂಡು ಪಕ್ಕದಲ್ಲಿ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಹಾಜಿಯವರು ನನ್ನ ಕಡೆ ಬಾಗಿದರು. "ಮೇಡಂ, ಒಂದು ಕೇಳ್ಲಿಕ್ಕುಂಟು. ರಸ್ತೆಯಿಂದ ನೋಡಿದರೆ ನಮ್ಮ ಮನೆ ಎಡಗಡೆಯದ್ದಾ, ಬಲಗಡೆಯದ್ದಾ?"

"ಬಲಗಡೆಯದ್ದು."

"ನಾವೀಗ ಕೂತದ್ದು?"

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮೇಷ್ಟ್ರ ಮನೆಯ ಈ ಕಿಟಕಿಗೆ ನೇರ ಎದುರು ಕಾಣಬೇಕಿದ್ದ ರಸ್ತೆಯ ಟ್ರಾನ್ಸ್‌ಫಾರ್ಮರ್ ಅಲ್ಲಿ ಇರಲಿಲ್ಲ. "ಬಲಗಡೆಯದ್ದು" ಅಂದೆ.

"ಹಾಗಾದರೆ ಸರಿ" ಅಂದರು ಹಾಜಿಯವರು ಸಮಾಧಾನದಿಂದ. "ಪರದೆಗೆ ಅಳತೆ ತೆಗೆಯಲಿಕ್ಕೆ ಬಂದದ್ದು ನಾವು. ನನಗೇ ತಪ್ಪಿತೋ ಅಂತ ಆಚೆ ಮನೆಗೂ ಹೋಗಿ ನೋಡಿ ಬಂದೆ. ಅಲ್ಲಿ ಯಾರೂ ಇಲ್ಲ."

ಅವರ ಹೆಂಡತಿ ತಲೆ ಎತ್ತಿ ಹೊಸ ಸೀಲಿಂಗನ್ನೇ ನೋಡುತ್ತಿದ್ದರು. ಬಿಳಿ ಬಣ್ಣ ಹೊಗೆ ಹಿಡಿದು ನಡುವೆ ಕಪ್ಪಾಗಿತ್ತು.

ನಾನು ಮೇಷ್ಟ್ರ ಕಿವಿಯಲ್ಲಿ ಹೇಳಿದೆ. ಮೇಷ್ಟ್ರು ತಂದೆಯ ಕಿವಿಯಲ್ಲಿ ಹೇಳಿದರು. ಅರ್ಚಕರ ಮಂತ್ರ ಅರ್ಧಕ್ಕೆ ನಿಂತಿತು. ಸೇರಿದವರೆಲ್ಲ ಅವರ ಮುಖ ನೋಡಿದರು. ಎಂಬತ್ತು ದಾಟಿದ ಹಿರಿಯರು, ಎಷ್ಟೋ ಮನೆಗಳ ಒಕ್ಕಲು ಮಾಡಿಸಿದವರು. ಮಗನ ಮನೆಯದ್ದೇ ಹೀಗಾಯಿತಲ್ಲ ಅಂತ ಕೈಯಲ್ಲಿದ್ದ ತುಪ್ಪದ ಸೌಟು ಕೆಳಗಿಟ್ಟರು. "ತಪ್ಪಾಯ್ತು ಹಾಜಿಯವರೇ. ಈಗಲೇ ಇದನ್ನು ಆಚೆ ತೆಗೆದುಕೊಂಡು ಹೋಗ್ತೇವೆ" ಅಂದರು.

ಹಾಜಿಯವರು ಎದ್ದು ಮುಂದೆ ಬಂದರು. "ಬೇಡ ಭಟ್ರೇ. ಉರಿಯುವ ಬೆಂಕಿ ಎತ್ತಿಕೊಂಡು ಎಲ್ಲಿಗೆ ಹೋಗ್ತೀರಿ ಈ ಪ್ರಾಯದಲ್ಲಿ? ಕೂತು ಮುಗಿಸಿ. ಒಳ್ಳೇದಾಗಲಿ ಅಂತಲೇ ಮಾಡುವುದಲ್ವಾ? ಒಳ್ಳೇದು ನಮಗೂ ಆಗಲಿ."

ಪೂರ್ಣಾಹುತಿ ಅಲ್ಲೇ ಆಯಿತು. ಆಮೇಲೆ ನಾವೆಲ್ಲ ಒಬ್ಬೊಬ್ಬರು ಒಂದೊಂದು ಕುರ್ಚಿ ಹೊತ್ತು, ದೀಪ, ಕಲಶ, ಗ್ಯಾಸ್ ಒಲೆ ಹಿಡಿದುಕೊಂಡು ಎಡಗಡೆಯ ಮನೆಗೆ ಮೆರವಣಿಗೆ ಹೋದೆವು. ಅಲ್ಲಿ ಇನ್ನೊಮ್ಮೆ ಹಾಲು ಉಕ್ಕಿಸಿ, ಪೂಜೆ ಮಾಡಿದರು. ಕಂಟ್ರಾಕ್ಟರು ಬಂದು ಸೀಲಿಂಗ್ ನೋಡಿ, ಮೆಟ್ಟಿಲ ಮೇಲೆ ಕೂತುಬಿಟ್ಟ. ಪುನಃ ಬಣ್ಣ ಹೊಡೆಸಿಕೊಡುತ್ತೇನೆ ಅಂತ ಮೇಷ್ಟ್ರು ಹಾಜಿಯವರ ಹೆಂಡತಿಗೆ ಮಾತು ಕೊಟ್ಟರು. "ಈ ಸಲ ಬಿಸ್ಕತ್ತಿನ ಬಣ್ಣ ಹಾಕಿಸಿ, ಕೊನೇ ಪಕ್ಷ ನಮ್ಮ ಮನೆ ನಮಗೆ ಗುರ್ತ ಸಿಗಲಿ" ಅಂದರು ಆಕೆ.

ಊಟಕ್ಕೆ ಹಾಜಿಯವರನ್ನು ಅರ್ಚಕರು ತಮ್ಮ ಎದುರಿನ ಎಲೆಗೇ ಕೂರಿಸಿದರು. ಪಾಯಸ ಬಡಿಸುವ ಹೊತ್ತಿಗೆ ಹಾಜಿಯವರು, "ಭಟ್ರೇ, ಬರುವ ತಿಂಗಳು ನಮ್ಮ ಒಕ್ಕಲು. ನಮ್ಮ ಮಸೀದಿಯ ಉಸ್ತಾದರಿಗೆ ನಾನು ಈ ಎಡಗಡೆಯ ಮನೆಯನ್ನೇ ತೋರಿಸ್ತೇನೆ. ನಮ್ಮ ದುವಾ ಪ್ರಾರ್ಥನೆ ಇಲ್ಲಿ ಆಗಲಿ. ಆಗ ಇಬ್ಬರದ್ದೂ ಸಮ ಆಗ್ತದೆ" ಅಂದರು.

ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ಅರ್ಚಕರು ಪಾಯಸದ ದೊನ್ನೆ ಕೆಳಗಿಟ್ಟು, ಬಹಳ ಗಂಭೀರವಾಗಿ ಯೋಚನೆ ಮಾಡಿದರು.

"ದುವಾ ಧಾರಾಳವಾಗಿ ಇಲ್ಲಿ ಆಗಲಿ ಹಾಜಿಯವರೇ" ಅಂದರು. "ಬಿರಿಯಾನಿಯ ಒಲೆ ಮಾತ್ರ ಸರಿಯಾದ ಮನೆಯಲ್ಲಿ ಹಚ್ಚಿ."